ಲಾಂಛನಕ್ಕೆ ಕರಡಚ್ಚು ಬೇಡವೇ?

ಮಲೆನಾಡಿನ ಯಾವ ಸಂಘಟನೆಯ ಕರಪತ್ರವನ್ನು ತೆಗೆದು ನೋಡಿದರೂ ಅದರ ಮೂಲೆಯಲ್ಲೊಂದು ಲಾಂಛನ ಕಾಣುತ್ತದೆ. ಎರಡು ಬೆಟ್ಟ, ನಡುವೆ ಸೂರ್ಯ, ಕೆಳಗೆ ಅಲೆಯಲೆಯಾಗಿ ಹರಿಯುವ ನದಿ, ಎಡಬಲಕ್ಕೆ ಒಂದೊಂದು ಎಲೆ. ಕೆಲವೊಮ್ಮೆ ಇವಿಷ್ಟನ್ನೂ ಬೊಗಸೆಯಲ್ಲಿ ಹಿಡಿದ ಎರಡು ಕೈಗಳು. ಹೆಸರನ್ನು ಬೆರಳಿನಿಂದ ಮುಚ್ಚಿದರೆ ಅದು ಜಲಾನಯನ ಸಮಿತಿಯದೋ, ನಾಟಿ ಬೀಜ ಉಳಿಸುವ ಬಳಗದ್ದೋ, ಹೊಳೆಯಂಚಿನಲ್ಲಿ ಹೊಸದಾಗಿ ತೆರೆದ ರೆಸಾರ್ಟಿನದೋ ಎಂದು ಹೇಳುವುದು ಕಷ್ಟ. ಕೊನೆಯದನ್ನು ಹಾಸ್ಯಕ್ಕಾಗಿ ಸೇರಿಸಿದ್ದಲ್ಲ. ಬೆಟ್ಟವನ್ನು ಉಳಿಸಬೇಕೆನ್ನುವವರೂ ಬೆಟ್ಟವನ್ನು ಮಾರಬೇಕೆನ್ನುವವರೂ ಒಂದೇ ಗುರುತನ್ನು ಎದೆಯ ಮೇಲೆ ಧರಿಸಿ ತಿರುಗುವ ಸ್ಥಿತಿ ಬಂದಿದೆ.

ಇದಕ್ಕೆ ವಿನ್ಯಾಸಕಾರರನ್ನು ಮಾತ್ರ ದೂರುವುದು ನ್ಯಾಯವಲ್ಲ. ಇಂತಹ ಲಾಂಛನಗಳು ಹೆಚ್ಚಾಗಿ ಹುಟ್ಟುವುದು ಬೆಂಗಳೂರಿನಲ್ಲಿ. ಊರಿನಿಂದ ಓದಲು ಹೋದ ಹುಡುಗನೋ ಹುಡುಗಿಯೋ, ಅಥವಾ ಅವರ ಸ್ನೇಹಿತರಲ್ಲಿ ಚಿತ್ರ ಬಲ್ಲವರೋ, ಚಳವಳಿಯ ಮೇಲಿನ ಅಭಿಮಾನದಿಂದ ಒಂದು ರಾತ್ರಿ ಕುಳಿತು ಮಾಡಿಕೊಡುತ್ತಾರೆ. ಹಣ ಕೇಳುವುದಿಲ್ಲ. ಹಣ ಕೇಳದ ಕೆಲಸದಲ್ಲಿ ಕೊರತೆ ಎತ್ತಿ ಹೇಳಲು ಊರಿನವರಿಗೆ ದಾಕ್ಷಿಣ್ಯ. "ಚೆನ್ನಾಗಿದೆ" ಎಂಬ ಒಂದು ಮಾತಿನೊಂದಿಗೆ ಚಿತ್ರ ನೇರವಾಗಿ ಅಚ್ಚಿನ ಮನೆಗೆ ಹೋಗುತ್ತದೆ. ಅದನ್ನು ರಚಿಸಿದವರ ಸಮಾನ ವೃತ್ತಿಯವರು ಯಾರೂ ನೋಡಿರುವುದಿಲ್ಲ, ತಿದ್ದಿರುವುದಿಲ್ಲ, ಪ್ರಶ್ನಿಸಿರುವುದಿಲ್ಲ. ಕೊರತೆ ಇರುವುದು ಅಲ್ಲಿ.

ಬರಹಕ್ಕೆ ಈ ಗತಿ ಎಂದೂ ಬಂದಿರಲಿಲ್ಲ. ಬೆಂಗಳೂರಿನ ಹಳೆಯ ಬಡಾವಣೆಗಳಾದ ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರಗಳು ಕನ್ನಡದ ಪುಸ್ತಕೋದ್ಯಮವನ್ನೂ ಪತ್ರಿಕೆಗಳನ್ನೂ ಸಾಕಿ ಬೆಳೆಸಿದ ಜಾಗಗಳು. 1915ರಲ್ಲಿ ಸ್ಥಾಪನೆಯಾದ ಕನ್ನಡ ಸಾಹಿತ್ಯ ಪರಿಷತ್ತು ಇಂದಿಗೂ ಇರುವುದು ಚಾಮರಾಜಪೇಟೆಯಲ್ಲಿ, ಡಿ.ವಿ.ಜಿ.ಯವರು 1945ರಲ್ಲಿ ಆರಂಭಿಸಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಇರುವುದು ಬಸವನಗುಡಿಯ ಮಗ್ಗುಲಲ್ಲಿ. ಅಚ್ಚುಮೊಳೆಗಳ ಕಾಲದಲ್ಲಿ ಎಷ್ಟೇ ದೊಡ್ಡ ವಿದ್ವಾಂಸರ ಬರಹವಾದರೂ ಮೊದಲು ಕರಡಚ್ಚಾಗಿ ಹೊರಬರಬೇಕಿತ್ತು. ಮೊಳೆ ಜೋಡಿಸುವವನು ಒಂದು ತಪ್ಪು ಹಿಡಿಯುತ್ತಿದ್ದ, ಕರಡು ತಿದ್ದುವವರು ಹತ್ತು ಹಿಡಿಯುತ್ತಿದ್ದರು, ಲೇಖಕ ಮಿತ್ರರು ಅಂಚಿನಲ್ಲಿ "ಇದು ಅರ್ಥವಾಗಲಿಲ್ಲ" ಎಂದು ಗುರುತು ಹಾಕುತ್ತಿದ್ದರು. ಅದನ್ನು ಯಾರೂ ಅಪಮಾನವೆಂದು ತಿಳಿಯಲಿಲ್ಲ. ತಿದ್ದದೆ ಅಚ್ಚಾದ ಪುಸ್ತಕವೇ ಅಪಮಾನವೆನಿಸುತ್ತಿತ್ತು.

ಅಕ್ಷರ ಬರೆಯುವ ಕಲಾವಿದರಲ್ಲಿಯೂ ಇದಕ್ಕೆ ಸಮನಾದ ಒಂದು ಪದ್ಧತಿ ಇತ್ತು. ಕೈಯಿಂದ ಬೋರ್ಡು ಬರೆಯುವವನು ನೇರವಾಗಿ ಬಣ್ಣಕ್ಕೆ ಕುಂಚ ಅದ್ದುವುದಿಲ್ಲ. ಮೊದಲು ಸುಣ್ಣದ ದಾರ ಹೊಡೆದು ಗೆರೆ, ನಂತರ ಸೀಮೆಸುಣ್ಣದಲ್ಲಿ ಅಕ್ಷರದ ಹೊರರೇಖೆ. ಆಮೇಲೆ ಏಣಿಯಿಂದ ಇಳಿದು, ರಸ್ತೆ ದಾಟಿ, ಎದುರು ಬದಿಯ ಜಗುಲಿಯಿಂದ ನೋಡುತ್ತಾನೆ. ಅಂಗಡಿಯವನು ನೋಡುತ್ತಾನೆ, ಪಕ್ಕದಂಗಡಿಯವನು ಕರೆಯದಿದ್ದರೂ ಬಂದು ನೋಡುತ್ತಾನೆ. "ಒತ್ತಕ್ಷರ ಕೆಳಗಿನ ಪಟ್ಟಿಗೆ ತಾಗ್ತಿದೆಯಲ್ಲಪ್ಪ" ಎಂದು ಯಾರೋ ಒಬ್ಬರು ಹೇಳಿದರೆ ಸುಣ್ಣದ ಗೆರೆಯನ್ನು ಬಟ್ಟೆಯಲ್ಲಿ ಒರೆಸಿದರಾಯಿತು, ನಷ್ಟ ಏನೂ ಇಲ್ಲ. ಗಾಂಧಿಬಜಾರಿನಲ್ಲಿಯೂ ಮಲ್ಲೇಶ್ವರದ ಎಂಟನೆಯ ಅಡ್ಡರಸ್ತೆಯಲ್ಲಿಯೂ ಇಂದಿಗೂ ಅಲ್ಲೊಂದು ಇಲ್ಲೊಂದು ಉಳಿದಿರುವ ಹಳೆಯ ಕೈಬರಹದ ಫಲಕಗಳು ದೂರದಿಂದಲೂ ಓದಿಸಿಕೊಳ್ಳುವುದಕ್ಕೆ ಈ ರಸ್ತೆ ದಾಟುವ ಅಭ್ಯಾಸವೂ ಒಂದು ಕಾರಣ. ಫ್ಲೆಕ್ಸ್ ಬಂದ ಮೇಲೆ ಆ ನಡುವಿನ ಹೆಜ್ಜೆಯೇ ಅಳಿಸಿಹೋಯಿತು: ಕಂಪ್ಯೂಟರಿನ ಪರದೆಯಿಂದ ಯಂತ್ರಕ್ಕೆ, ಯಂತ್ರದಿಂದ ಬೀದಿಗೆ. 2018ರ ಆಗಸ್ಟಿನಲ್ಲಿ ಹೈಕೋರ್ಟು ಚಾಟಿ ಬೀಸಿದ ಮೇಲೆ ಬೆಂಗಳೂರು ಮಹಾನಗರ ಪಾಲಿಕೆ ಸಾವಿರಗಟ್ಟಲೆ ಫ್ಲೆಕ್ಸುಗಳನ್ನು ಕಿತ್ತು ಹಾಕಬೇಕಾಯಿತು. ಪ್ಲಾಸ್ಟಿಕ್ಕಿನ ಹೊರೆ ತಾತ್ಕಾಲಿಕವಾಗಿಯಾದರೂ ಇಳಿಯಿತು. ರಸ್ತೆ ದಾಟಿ ನೋಡುವ ಅಭ್ಯಾಸ ಮಾತ್ರ ಮರಳಲಿಲ್ಲ.

ಇದೇ ನಗರಕ್ಕೆ ಒಂದು ಲಾಂಛನ ಮಾಡುವ ಸಂದರ್ಭ ಬಂದಾಗ ಏನು ನಡೆಯಿತು ಎಂಬುದನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. 2017ರ ಡಿಸೆಂಬರ್ 24ರಂದು ವಿಧಾನಸೌಧದ ಬಳಿ, ನಮ್ಮ ಬೆಂಗಳೂರು ಹಬ್ಬದ ಸಡಗರದಲ್ಲಿ, ಆಗ ಪ್ರವಾಸೋದ್ಯಮ ಸಚಿವರಾಗಿದ್ದ ಪ್ರಿಯಾಂಕ್ ಖರ್ಗೆ ಅವರು ಬೆಂಗಳೂರಿನ ಲಾಂಛನವನ್ನು ಬಿಡುಗಡೆ ಮಾಡಿದರು. ಭಾರತದಲ್ಲಿ ತನ್ನದೇ ಲಾಂಛನ ಹೊಂದಿದ ಮೊದಲ ನಗರ ಎಂದು ಸಾರಲಾಯಿತು. ಸ್ಪರ್ಧೆಯ ಮೂಲಕ ಆಯ್ಕೆಯಾದ ಆ ವಿನ್ಯಾಸ ನಮ್ಮೂರ್ ಎಂಬ ಬೆಂಗಳೂರಿನ ಪುಟ್ಟ ಸಂಸ್ಥೆಯದು. ಊರಿನ ಹೆಸರನ್ನು ಇಂಗ್ಲಿಷಿನಲ್ಲಿ ಬರೆದಾಗ ಮೊದಲು ಬರುವ ಬಿ ಮತ್ತು ಇ, ಕೊನೆಗೆ ಬರುವ ಯು, ಈ ಮೂರು ಅಕ್ಷರಗಳಿಗೆ ಕೆಂಪು ಬಣ್ಣ. ಅವನ್ನು ಕೂಡಿಸಿಕೊಂಡರೆ 'ಬೀ ಯು', ನೀನು ನೀನಾಗಿರು ಎಂಬರ್ಥ. ಯಾರು ಬಂದರೂ ಅವರವರಂತೆ ಇರಗೊಡುವ ಊರು ಎಂಬ ಭಾವ.

ಉಪಾಯ ಜಾಣತನದ್ದು ಎಂಬುದರಲ್ಲಿ ಸಂಶಯವಿಲ್ಲ. 2014ರ ನವೆಂಬರ್ 1ರಂದು ಬ್ಯಾಂಗಲೋರ್ ಅಧಿಕೃತವಾಗಿ ಬೆಂಗಳೂರು ಆಗದಿದ್ದರೆ ಈ ಶ್ಲೇಷೆ ಸಾಧ್ಯವೇ ಇರಲಿಲ್ಲ; ಹಳೆಯ ಇಂಗ್ಲಿಷ್ ಕಾಗುಣಿತದಲ್ಲಿ ಎರಡನೆಯ ಅಕ್ಷರ ಬೇರೆ, ಕೊನೆಯ ಅಕ್ಷರವೂ ಬೇರೆ. ಕನ್ನಡದ ಹೆಸರು ಮರಳಿ ಬಂದದ್ದರಿಂದಲೇ ಹುಟ್ಟಿದ ಒಂದು ಇಂಗ್ಲಿಷ್ ಚಮತ್ಕಾರ ಇದು. ಆದರೆ ಚಮತ್ಕಾರ ಅಲ್ಲಿಗೇ ನಿಲ್ಲುತ್ತದೆ. ಹೆಸರನ್ನು ಕನ್ನಡದಲ್ಲಿ ಬರೆದೊಡನೆ ಕೆಂಪು ಹಚ್ಚಲು ಏನೂ ಉಳಿಯುವುದಿಲ್ಲ. ದೊಡ್ಡ ಬಸವಣ್ಣನ ಗುಡಿಯ ಮುಂದೆ ಕಡಲೆಕಾಯಿ ಪರಿಷೆಗೆ ಮೂಟೆ ಇಳಿಸುವ ರೈತನಿಗೆ, ಮಲ್ಲೇಶ್ವರದ ಮಾರುಕಟ್ಟೆಯಲ್ಲಿ ಹೂ ಕಟ್ಟುವ ಹೆಂಗಸಿಗೆ ಆ ಲಾಂಛನ ಕೆಲವು ಅಕ್ಷರ ಕಪ್ಪು, ಕೆಲವು ಕೆಂಪು ಎಂಬುದಕ್ಕಿಂತ ಹೆಚ್ಚು ಏನನ್ನೂ ಹೇಳಲಾರದು. ನೀನು ನೀನಾಗಿರು ಎಂದು ಕರೆಯುವ ಗುರುತು, ಊರಿನ ಮಾತನ್ನಾಡುವವರನ್ನೇ ಹೊಸ್ತಿಲಲ್ಲಿ ನಿಲ್ಲಿಸಿತು.

ಇಲ್ಲಿ ಮುಖ್ಯವಾದದ್ದು ಆ ವಿನ್ಯಾಸ ಒಳ್ಳೆಯದೋ ಕೆಟ್ಟದ್ದೋ ಎಂಬುದಲ್ಲ. ಅಭಿರುಚಿಯ ವಿಷಯದಲ್ಲಿ ಎರಡು ಮಾತು ಇದ್ದೇ ಇರುತ್ತವೆ. ಆ ಲಾಂಛನಕ್ಕೂ ಮೆಚ್ಚುವವರಿದ್ದರು, ಮೂಗು ಮುರಿಯುವವರಿದ್ದರು. ಪ್ರಶ್ನೆ ಇರುವುದು ಆ ಮಾತುಗಳು ಕೇಳಿಬಂದ ಹೊತ್ತಿನ ಬಗ್ಗೆ. ಮಾತೆಲ್ಲವೂ ಬಂದದ್ದು ಬಿಡುಗಡೆಯ ನಂತರ, ಒಂದು ಗೆರೆಯನ್ನೂ ಬದಲಿಸಲಾಗದ ಘಳಿಗೆಯಲ್ಲಿ. "ಕನ್ನಡದಲ್ಲಿ ಇದನ್ನು ಹೇಗೆ ಬರೆಯುವಿರಿ?" ಎಂಬ ಒಂದೇ ಪ್ರಶ್ನೆಯನ್ನು ಪೆನ್ಸಿಲ್ ರೇಖೆಯ ಹಂತದಲ್ಲಿ ಅಕ್ಷರ ಬಲ್ಲ ಇಬ್ಬರು ಒಡನಾಡಿಗಳು ಕೇಳಿದ್ದರೆ ಸಾಕಿತ್ತು. ಉತ್ತರ ಸಿಕ್ಕಿದ್ದರೆ ವಿನ್ಯಾಸ ಗಟ್ಟಿಯಾಗುತ್ತಿತ್ತು, ಸಿಗದಿದ್ದರೆ ಬೇರೆ ದಾರಿ ತೆರೆಯುತ್ತಿತ್ತು.

ಆದರೆ ಸ್ಪರ್ಧೆ ಎಂಬ ಏರ್ಪಾಡು ಇಂತಹ ಪ್ರಶ್ನೆಗೆ ಸಹಜವಾಗಿಯೇ ಅಡ್ಡಬರುತ್ತದೆ. ಸ್ಪರ್ಧಿ ತನ್ನ ಚಿತ್ರವನ್ನು ಮುಚ್ಚಿದ ಲಕೋಟೆಯಲ್ಲಿ ಕಳುಹಿಸುತ್ತಾನೆ. ಸಹಸ್ಪರ್ಧಿಗಳಿಗೆ ತೋರಿಸುವುದು ಮೂರ್ಖತನ. ತೀರ್ಪುಗಾರರು ಒಂದನ್ನು ಆರಿಸುತ್ತಾರೆ, ಉಳಿದವನ್ನು ಬದಿಗಿಡುತ್ತಾರೆ. ತಿದ್ದುವುದು ಅವರ ಕೆಲಸವಲ್ಲ. ಭಾರತದ ರೂಪಾಯಿ ಚಿಹ್ನೆಗಾಗಿ ಹಣಕಾಸು ಸಚಿವಾಲಯ 2009ರಲ್ಲಿ ಸ್ಪರ್ಧೆ ಕರೆದಾಗ ಮೂರು ಸಾವಿರಕ್ಕೂ ಹೆಚ್ಚು ಚಿತ್ರಗಳು ಬಂದವು. ಐದು ಅಂತಿಮ ಸುತ್ತಿಗೆ ಉಳಿದವು, 2010ರ ಜುಲೈ 15ರಂದು ಉದಯಕುಮಾರ್ ಅವರ ಚಿಹ್ನೆ ಅಂಗೀಕಾರವಾಯಿತು. ಅದು ಅಕ್ಷರಶಾಸ್ತ್ರ ಬಲ್ಲವರು ಮಾಡಿದ ಗಟ್ಟಿ ಕೆಲಸ, ಇಂದು ತರಕಾರಿ ಗಾಡಿಯ ರಟ್ಟಿನ ಮೇಲೂ ಇದೆ. ಆದರೆ ಉಳಿದ ಸಾವಿರಾರು ಜನರ ದುಡಿಮೆಗೆ ಸಿಕ್ಕಿದ್ದೇನು? ಸಂಬಳವಿಲ್ಲ, ಸರಿ, ತಮ್ಮ ಚಿತ್ರದಲ್ಲಿ ಏನು ಕೊರತೆಯಿತ್ತು ಎಂಬ ಒಂದು ಸಾಲಿನ ಅಭಿಪ್ರಾಯವೂ ಇಲ್ಲ. ಲಾಂಛನ ಬೇಕಾದಾಗಲೆಲ್ಲ ಸ್ಪರ್ಧೆ ಕರೆಯುವ ಚಟ ಈಗ ಸರಕಾರದಿಂದ ಕಾಲೇಜುಗಳಿಗೆ, ಕಾಲೇಜುಗಳಿಂದ ಹಳ್ಳಿಯ ಯುವಕ ಸಂಘಗಳಿಗೂ ಹಬ್ಬಿದೆ. ಮೊಬೈಲಿನಲ್ಲಿ ಮತ ಹಾಕಿಸುವುದು ಅದರ ಮುಂದಿನ ರೂಪ. ಮತ ಎಂದರೆ ಹೌದು ಅಥವಾ ಅಲ್ಲ. ವಿಮರ್ಶೆ ಎಂದರೆ ಏಕೆ ಮತ್ತು ಎಲ್ಲಿ. ಮೊದಲನೆಯದನ್ನು ಎರಡನೆಯದೆಂದು ಭ್ರಮಿಸುವುದು ಅಪಾಯ.

ಹೊರದೇಶಗಳಲ್ಲಿಯೂ ನಗರ ಲಾಂಛನಗಳ ಕತೆ ಏಕರೂಪದ್ದಲ್ಲ. ನ್ಯೂಯಾರ್ಕಿನ ಹೃದಯದ ಗುರುತನ್ನು 1977ರಲ್ಲಿ ಮಿಲ್ಟನ್ ಗ್ಲೇಸರ್ ರಚಿಸಿದರು. ಅದಕ್ಕೆ ಮೊದಲು ಅವರದೇ ಇನ್ನೊಂದು ವಿನ್ಯಾಸ ಒಪ್ಪಿಗೆಯಾಗಿತ್ತು. ಟ್ಯಾಕ್ಸಿಯಲ್ಲಿ ಕುಳಿತಾಗ ಹೊಸದು ಹೊಳೆದು, ಗೀಚಿಟ್ಟುಕೊಂಡು, ಒಪ್ಪಿದವರನ್ನು ಮತ್ತೆ ಕೇಳಿ ಬದಲಿಸಿಕೊಂಡರು. ಮುಗಿದ ಕೆಲಸವನ್ನು ಮತ್ತೆ ತೆರೆಯುವ ಧೈರ್ಯ ಅಲ್ಲಿತ್ತು. ಆಮ್‌ಸ್ಟರ್‌ಡ್ಯಾಮ್ ನಗರ 2004ರಲ್ಲಿ ತನ್ನ ಹೆಸರಿನೊಳಗೇ 'ನಾನು' ಎಂಬ ಇಂಗ್ಲಿಷ್ ಮಾತನ್ನು ಅಡಗಿಸಿದ ಘೋಷಣೆಯನ್ನು ತಂದಿತು. ಬೆಂಗಳೂರಿನ ಉಪಾಯಕ್ಕೆ ಅದು ಹತ್ತಿರದ ನೆಂಟ. ಆ ಘೋಷಣೆಯ ಆಳೆತ್ತರದ ಅಕ್ಷರಗಳನ್ನು ವಸ್ತುಸಂಗ್ರಹಾಲಯದ ಮುಂದೆ ನಿಲ್ಲಿಸಿದ್ದೇ ತಡ, ಅವುಗಳ ಮುಂದೆ ಚಿತ್ರ ತೆಗೆಸಿಕೊಳ್ಳುವವರ ಜಾತ್ರೆ. ಕೊನೆಗೆ ನಗರದ ಹಸಿರು ಪಕ್ಷದವರೇ ಆಕ್ಷೇಪ ಎತ್ತಿ, ಅದು ವ್ಯಕ್ತಿವಾದವನ್ನು ಮೆರೆಸುತ್ತದೆ, ಪ್ರವಾಸಿಗಳ ನೂಕುನುಗ್ಗಲಿಗೆ ಹಿನ್ನೆಲೆಯಾಗಿದೆ ಎಂದು ವಾದಿಸಿ, 2018ರ ಡಿಸೆಂಬರಿನಲ್ಲಿ ಅಕ್ಷರಗಳನ್ನು ಅಲ್ಲಿಂದ ತೆಗೆಸಿದರು. ವಾರಾಂತ್ಯದ ವಾಹನಗಳ ಸಾಲಿಗೆ ಸಿಕ್ಕಿ ಉಸಿರುಗಟ್ಟಿರುವ ಘಟ್ಟದ ಊರುಗಳು ಈ ಸಂಗತಿಯನ್ನು ನೆನಪಿಡುವುದು ಒಳ್ಳೆಯದು. ಜಲಪಾತದ ಚಿತ್ರವಿರುವ ಲಾಂಛನ ಯಾರನ್ನು ಕರೆಯುತ್ತದೆ ಎಂಬುದೂ ಕೇಳಬೇಕಾದ ಪ್ರಶ್ನೆಯೇ.

ಚಳವಳಿಗಳಿಗೆ ಹೆಚ್ಚು ಹತ್ತಿರದ ಉದಾಹರಣೆ ಇಂಗ್ಲೆಂಡಿನದು. ವೃತ್ತದೊಳಗೆ ಮೂರು ಕವಲಿನ ಶಾಂತಿಯ ಚಿಹ್ನೆಯನ್ನು ನೋಡದವರಿಲ್ಲ. ಜೆರಾಲ್ಡ್ ಹೋಲ್ಟಮ್ ಎಂಬ ಕಲಾವಿದ ಅದನ್ನು 1958ರಲ್ಲಿ, ಲಂಡನ್ನಿನಿಂದ ಆಲ್ಡರ್‌ಮಾಸ್ಟನ್ ಅಣ್ವಸ್ತ್ರ ಕೇಂದ್ರಕ್ಕೆ ಹೊರಟ ಕಾಲ್ನಡಿಗೆಗಾಗಿ ರಚಿಸಿದರು. ಅವರ ಮನಸ್ಸಿನಲ್ಲಿ ಮೊದಲು ಇದ್ದದ್ದು ಶಿಲುಬೆ. ಪ್ರತಿಭಟನೆಯ ಮೆರವಣಿಗೆಯಲ್ಲಿ ಶಿಲುಬೆಯನ್ನು ಹೊರುವುದು ಅವರು ಕೇಳಿದ ಪಾದ್ರಿಗಳಿಗೆ ಹಿಡಿಸಲಿಲ್ಲ. ಆ ಅಸಮ್ಮತಿಯ ನಂತರ ನಾವಿಕರ ಬಾವುಟ ಸಂಕೇತಗಳಲ್ಲಿ ಅಣ್ವಸ್ತ್ರ ನಿರಸನದ ಇಂಗ್ಲಿಷ್ ಮೊದಲಕ್ಷರಗಳನ್ನು ಒಂದರ ಮೇಲೊಂದು ಇಟ್ಟು ಈ ರೂಪಕ್ಕೆ ಬಂದರು. ಮೆರವಣಿಗೆಗೆ ಕೋಲಿಗೆ ಸಿಕ್ಕಿಸಿದ ಐನೂರು ರಟ್ಟಿನ ಫಲಕಗಳನ್ನು ಮಾಡಿಸಿದರು: ಅರ್ಧ ಕಪ್ಪು ಬಿಳುಪು, ಇನ್ನರ್ಧ ಹಸಿರು ಬಿಳುಪು. ಯಾರೂ ಅದರ ಹಕ್ಕು ಕಾದಿರಿಸಿಕೊಳ್ಳಲಿಲ್ಲ. ಗೋಡೆಯ ಮೇಲೆ ಇದ್ದಿಲಿನಿಂದ ಮಗುವೂ ಬರೆಯಬಲ್ಲ ಗುರುತು ಅದು. ಬೇಡ ಎಂದವರ ಮಾತನ್ನು ಕೇಳಿಸಿಕೊಂಡದ್ದರಿಂದ ಅದು ಹುಟ್ಟಿತು ಎಂಬುದನ್ನು ಮಾತ್ರ ಹೆಚ್ಚಿನವರು ತಿಳಿಯರು.

ಹಾಗಾದರೆ ಕೆಲಸ ಬಲ್ಲ ಒಡನಾಡಿ ಕರಡು ಲಾಂಛನದಲ್ಲಿ ಏನನ್ನು ನೋಡಬೇಕು? "ಹಸಿರು ಇನ್ನಷ್ಟು ಗಾಢವಾಗಲಿ", "ಏನೋ ಕಡಿಮೆಯಾಗಿದೆ" ಎಂಬ ಮಾತುಗಳಿಂದ ರಚಿಸಿದವರಿಗೆ ಪ್ರಯೋಜನವಿಲ್ಲ. ಕನ್ನಡದ ಲಾಂಛನದಲ್ಲಿ ಮೊದಲ ಪರೀಕ್ಷೆ ಅಕ್ಷರದ್ದು. ಇಂಗ್ಲಿಷಿನ ದೊಡ್ಡಕ್ಷರಗಳು ಒಂದೇ ಎತ್ತರದ ಸಾಲು. ಕನ್ನಡ ಹಾಗಲ್ಲ, ಮೇಲೆ ಗುಡಿಸು, ಕೆಳಗೆ ಒತ್ತು. 'ಸಹ್ಯಾದ್ರಿ' ಎಂಬ ಮೂರೇ ಅಕ್ಷರದ ಹೆಸರಿನಲ್ಲಿ ಎರಡು ಒತ್ತುಗಳಿವೆ. ಅದನ್ನು ವೃತ್ತದ ಮೇಲಂಚಿನಲ್ಲಿ ಬಾಗಿಸಿ ಬರೆದರೆ ತಲೆಕಟ್ಟುಗಳು ಹೊರಕ್ಕೆ ಚದುರಿ, ಒತ್ತುಗಳು ಒಳಗೆ ಒಂದನ್ನೊಂದು ತಳ್ಳಾಡುತ್ತವೆ. ಕೆಳಂಚಿನಲ್ಲಿ ಬರೆದರೆ ತಲೆಕಟ್ಟುಗಳು ಕಿಕ್ಕಿರಿದು ಒತ್ತುಗಳು ಅಂಚಿನಾಚೆ ಜೋತುಬೀಳುತ್ತವೆ. ಇಂಗ್ಲಿಷ್ ಲಾಂಛನಗಳಿಂದ ಕಣ್ಣುಮುಚ್ಚಿ ಎತ್ತಿಕೊಂಡ ವೃತ್ತಾಕಾರ ನಮ್ಮ ಲಿಪಿಗೆ ಎಷ್ಟು ತೊಡಕಿನದು ಎಂಬುದು ಬರೆದು ನೋಡಿದವರಿಗೇ ಗೊತ್ತು. ಗಾತ್ರ ಕಿರಿದಾದಾಗ ಇನ್ನೊಂದು ಸಂಕಟ. ರಕಾರಕ್ಕೂ ಠಕಾರಕ್ಕೂ ಇರುವ ವ್ಯತ್ಯಾಸ ಒಂದು ಚುಕ್ಕೆ. ದಕಾರ ಧಕಾರಗಳಿಗೆ, ಬಕಾರ ಭಕಾರಗಳಿಗೆ ಒಂದು ಸಣ್ಣ ಸೀಳು. ಶಾಯಿ ಸ್ವಲ್ಪ ಹರಡಿದರೆ ಅವು ಮುಚ್ಚಿಹೋಗುತ್ತವೆ. ನಕಾರ ಸಕಾರಗಳನ್ನು ಅಲಂಕಾರಕ್ಕಾಗಿ ತಿರುಚಿದರೆ ವನ ಎಂಬುದು ವಸ ಆಗಲು ಎಷ್ಟು ಹೊತ್ತು ಬೇಕು?

ಎರಡನೆಯ ಪರೀಕ್ಷೆ ಖರ್ಚಿನದು. ಪರದೆಯ ಮೇಲೆ ಏಳು ಬಣ್ಣಗಳಲ್ಲಿ ಬೆಳಗುವ ಲಾಂಛನ ಊರಿಗೆ ಬಂದಾಗ ರಬ್ಬರ್ ಮೊಹರಿನಲ್ಲಿ ಇಳಿಯಬೇಕು, ಜೆರಾಕ್ಸ್ ಪ್ರತಿಯ ಪ್ರತಿಯಲ್ಲಿಯೂ ಉಳಿಯಬೇಕು, ಹತ್ತಿಬಟ್ಟೆಯ ಬ್ಯಾನರಿನ ಮೇಲೆ ಒಂದೇ ಬಣ್ಣದ ಸ್ಕ್ರೀನ್ ಅಚ್ಚಿಗೆ ಒಗ್ಗಬೇಕು, ಶಾಲೆಯ ಗೋಡೆಯ ಮೇಲೆ ಕೆಮ್ಮಣ್ಣಿನಲ್ಲಿಯೂ ಬರೆಯುವಂತಿರಬೇಕು. ವಿಶ್ವ ವನ್ಯಜೀವಿ ನಿಧಿಗಾಗಿ 1961ರಲ್ಲಿ ಜೆರಾಲ್ಡ್ ವಾಟರ್‌ಸನ್ ಗೀಚಿದ ಚಿತ್ರಗಳನ್ನು ಆಧರಿಸಿ ಪೀಟರ್ ಸ್ಕಾಟ್ ಪಾಂಡಾ ಲಾಂಛನವನ್ನು ರೂಪಿಸಿದಾಗ, ಕಪ್ಪು ಬಿಳುಪಿನ ಪ್ರಾಣಿಯಾದ್ದರಿಂದ ಅಚ್ಚಿನ ಖರ್ಚು ಉಳಿಯುತ್ತದೆ ಎಂಬುದೂ ಅವರ ಲೆಕ್ಕದಲ್ಲಿತ್ತು. ಒಬ್ಬರ ರೇಖೆಯ ಮೇಲೆ ಇನ್ನೊಬ್ಬರು ಕೈಯಾಡಿಸಿದ್ದನ್ನೂ ಅಲ್ಲಿ ಗಮನಿಸಬಹುದು. ದೂರದ ಮಾತೇಕೆ, ಮಲ್ಲೇಶ್ವರ ದಾಟಿ ಯಶವಂತಪುರದ ಕಡೆ ಹೋದರೆ ಸಿಗುವ ಗಂಧದ ಸಾಬೂನಿನ ಕಾರ್ಖಾನೆಯ ಶರಭವನ್ನು ನೋಡಿದರೆ ಸಾಕು. ಸಿಂಹದ ಮೈ, ಆನೆಯ ಮುಖ. ಪೊಟ್ಟಣದ ಮೇಲೆ ಹೆಬ್ಬೆರಳಿನಷ್ಟಾದರೂ ಗುರುತು ಸಿಗುತ್ತದೆ. ಗಂಧದ ಮರವೇ ಘಟ್ಟದಲ್ಲಿ ಅಪರೂಪವಾಯಿತು, ಶರಭ ಮಾತ್ರ ಮಾಸಿಲ್ಲ.

ಇಷ್ಟರಿಂದಲೇ ಕೆಲಸ ಮುಗಿಯಿತೆಂದು ತಿಳಿಯುವಂತಿಲ್ಲ. ಸಮಾನ ವೃತ್ತಿಯವರ ಕಣ್ಣಿಗೂ ಒಂದು ಮಿತಿ ಇದೆ. ಅವರೂ ಅದೇ ನಗರದವರು, ಅದೇ ಶಾಲೆಗಳಲ್ಲಿ ಕಲಿತವರು. ಅವರಿಗೆ ಮಲೆನಾಡೆಂದರೆ ಮಂಜು ಕವಿದ, ಜನರಿಲ್ಲದ ಹಸಿರು. ರೇಖೆ ಸೊಗಸಾಗಿದೆಯೇ ಎಂಬುದನ್ನು ಅವರು ಹೇಳಬಲ್ಲರು, ಅಡಕೆ ಮರದ ಜಾಗದಲ್ಲಿ ತೆಂಗಿನ ಮರ ನಿಂತಿದೆ ಎಂಬುದನ್ನು ಹೇಳಲಾರರು. ಸಿಂಗಳೀಕವೆಂದು ಬರೆದ ಚಿತ್ರಕ್ಕೆ ಮುಸಿಯನ ಉದ್ದ ಬಾಲ ಬಂದಿದ್ದರೆ ಊರಿನ ಮಕ್ಕಳು ನಗುತ್ತಾರೆ. ಸಿಂಗಳೀಕದ ಬಾಲ ಗಿಡ್ಡ, ತುದಿಯಲ್ಲಿ ಕುಚ್ಚು, ಮುಖದ ಸುತ್ತ ನರೆತ ಕೇಸರ. ಬೊಗಸೆಯ ಕೈಗಳು ಯಾರವು ಎಂಬ ಪ್ರಶ್ನೆಯನ್ನೂ ಊರಿನವರೇ ಕೇಳಬೇಕು. ಕಾಡಿನ ಅಂಚಿನಲ್ಲಿ ಸೊಪ್ಪು ಕೊಯ್ದು, ಉಪ್ಪಾಗೆ ಹೆಕ್ಕಿ, ಜೇನು ಇಳಿಸಿ ಬದುಕುವವರು ಒಂದು ಗುರುತಿನಲ್ಲಿ ಎಲ್ಲಿಯೂ ಇಲ್ಲದಿದ್ದರೆ, ನಾಳೆ ಅದೇ ಗುರುತನ್ನು ತೋರಿಸಿ ಅವರನ್ನು ಅಲ್ಲಿಂದ ಎಬ್ಬಿಸಲು ಬರುವವರಿಗೆ ಅನುಕೂಲವೇ.

ಹತ್ತು ಜನರ ಮಾತು ಕೇಳಿದರೆ ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದಂತಾಗುತ್ತದೆ ಎಂಬ ಅಂಜಿಕೆ ಕಲಾವಿದರಲ್ಲಿದೆ, ಅದು ನಿರಾಧಾರವೂ ಅಲ್ಲ. ಆದರೆ ದೋಷವನ್ನು ತೋರಿಸುವುದು ಬೇರೆ, ಕುಂಚವನ್ನು ಕಸಿದುಕೊಳ್ಳುವುದು ಬೇರೆ. ಕರಡು ತಿದ್ದುವವರು ಎಂದೂ ಲೇಖಕರ ಪರವಾಗಿ ಅಧ್ಯಾಯ ಬರೆಯಲು ಕೂರಲಿಲ್ಲ. ಎಲ್ಲಿ ಓದು ತೊಡರಿತು ಎಂದು ಗುರುತು ಹಾಕಿ ಹಿಂದಿರುಗಿಸಿದರು, ಪರಿಹಾರವನ್ನು ಬರೆದವರಿಗೇ ಬಿಟ್ಟರು. ಲಾಂಛನದ ವಿಷಯದಲ್ಲಿಯೂ ಅಷ್ಟೇ ಬೇಕಾದದ್ದು. ಇದಕ್ಕೆ ಸಂಘಟನೆಗಳೂ ತಮ್ಮ ಕಡೆಯಿಂದ ಒಂದು ನಿಯಮ ಪಾಲಿಸಬೇಕಾಗುತ್ತದೆ: ಪುಕ್ಕಟೆ ಮಾಡಿಸಿಕೊಳ್ಳಬಾರದು. ಅಲ್ಪವಾದರೂ ಸಂಭಾವನೆ ಕೊಟ್ಟು, ಎರಡು ಬಾರಿ ತಿದ್ದಿಕೊಡಬೇಕೆಂದು ಮೊದಲೇ ಮಾತಾಡಿಕೊಂಡರೆ ದಾಕ್ಷಿಣ್ಯ ಕಳೆಯುತ್ತದೆ, ರಚಿಸಿದವರ ಗೌರವವೂ ಉಳಿಯುತ್ತದೆ. ಮೊದಲ ಬಾರಿ ಬೆಂಗಳೂರಿನಲ್ಲಿಯೇ, ಅಕ್ಷರ ಮತ್ತು ಅಚ್ಚು ಬಲ್ಲ ಇಬ್ಬರು ಮೂವರ ಮುಂದೆ. ಎರಡನೆಯ ಬಾರಿ ಊರಿನಲ್ಲಿ. ಚಿತ್ರಕಲೆ ಓದುತ್ತಿರುವ ವಿದ್ಯಾರ್ಥಿಗಳು ರಜೆಗೆ ಬರುವಾಗ ಚೀಲದಲ್ಲಿ ತರಬೇಕಾದದ್ದು ಮುಗಿದ ಲಾಂಛನವನ್ನಲ್ಲ, ಕರಡನ್ನು. ಒಂದು ಹಾಳೆಯಲ್ಲಿ ಒಂದಿಂಚಿನಷ್ಟು, ಇನ್ನೊಂದರಲ್ಲಿ ಒಂದಡಿಯಷ್ಟು, ಎರಡೂ ಬರೀ ಕಪ್ಪಿನಲ್ಲಿ. ಸೊಸೈಟಿಯ ಕಟ್ಟಡದ ಜಗುಲಿಯಲ್ಲೋ ಬಸ್ಸು ನಿಲ್ಲುವಲ್ಲಿಯೋ ಹದಿನೈದು ದಿನ ಅಂಟಿಸಿಟ್ಟರೆ, ರೇಷನ್ನಿಗೆ ಬಂದವರೂ ಶಾಲೆಗೆ ಹೋಗುವವರೂ ನೋಡುತ್ತಾರೆ. ಹಾಳೆಯ ಕೆಳಗೆ ಬರೆಯಲು ಒಂದು ಗೇಣು ಖಾಲಿ ಜಾಗ ಬಿಟ್ಟಿರಬೇಕು. ಪಕ್ಕದ ಮೊಳೆಗೆ ದಾರದಲ್ಲಿ ಕಟ್ಟಿದ ಒಂದು ಪೆನ್ಸಿಲ್ ಇರಬೇಕು.